ದಿನಾ ನೀರು ಬಿಟ್ರೂ ಲಾನ್ ಒಣಗ್ತಿದೆ, ಕರೆಂಟ್ ಬಿಲ್ ಮಾತ್ರ ಏರ್ತಿದೆ, ಏನ್ ಮಾಡ್ಲಿ?

ಅಂಗಳದಹುಲ್ಲು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ಮುಂದೆ ಸುಮಾರು 60 ಚದರ ಮೀಟರ್ ಲಾನ್ ಇದೆ. ಈ ಮನೆಗೆ ಬಂದು ಎರಡು ವರ್ಷ ಆಯ್ತು, ಬಂದಾಗ ಒಳ್ಳೆ ದಟ್ಟವಾಗಿ ಹಸಿರಾಗಿತ್ತು, ಈಗ ನೋಡಿದ್ರೆ ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗಿ ಗೇಟ್ ಹತ್ರ ಅಂತೂ ಪೂರ್ತಿ ಬೋಳಾಗ್ಬಿಟ್ಟಿದೆ. ನಾನೇನೂ ಕಡಿಮೆ ನೋಡ್ಕೊಳ್ತಿಲ್ಲ, ದಿನಾ ಸಂಜೆ 40 ನಿಮಿಷ ಮೋಟರ್ ಹಾಕಿ ಪೈಪಲ್ಲಿ ನೀರು ಬಿಡ್ತೀನಿ, ವಾರಕ್ಕೊಂದ್ ಸಲ ಮಷೀನಲ್ಲಿ ನೆಲಕ್ಕೆ ಹತ್ತೋ ಹಾಗೆ ಕಟ್ ಮಾಡಿಸ್ತೀನಿ, ಎರಡು ತಿಂಗಳಿಗೊಂದ್ ಸಲ ಯೂರಿಯಾ ಹಾಕ್ತೀನಿ. ಯೂರಿಯಾ ಹಾಕಿದ್ ಹತ್ತು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ಕಥೆ.

ಇದರ ಜೊತೆಗೆ ಈ ಬೇಸಿಗೇಲಿ ಕರೆಂಟ್ ಯುನಿಟ್ ಹೋದ ಬೇಸಿಗೆಗಿಂತ ತುಂಬಾ ಜಾಸ್ತಿ ಬಂದಿದೆ, ಹೊಸದಾಗಿ ಏನೂ ತಂದಿಲ್ಲ, ಎಸಿ ಮೊದಲಷ್ಟೇ ಹಾಕ್ತೀವಿ. ಯಜಮಾನ್ರು ಹೇಳೋದು ಹುಲ್ಲು ಕಿತ್ ಹಾಕಿ ಸಿಮೆಂಟ್ ಬ್ಲಾಕ್ ಹಾಕ್ಸೋಣ, ನೀರೂ ಉಳಿಯುತ್ತೆ ಮೋಟರ್ ಕರೆಂಟೂ ಉಳಿಯುತ್ತೆ ಅಂತ. ಮೈದುನ ಪ್ಲಾಸ್ಟಿಕ್ ಹುಲ್ಲು ಹಾಸಿ ಅಂತಾನೆ. ನಂಗೆ ಎರಡೂ ಮನಸ್ಸಿಲ್ಲ, ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಅದರ ಮೇಲೆ ಎರಡು ಸುತ್ತು ಹಾಕಿದ್ರೇನೆ ನಂಗೆ ದಿನ ಶುರು ಆಗೋದು. ಮಗು ಆಡೋದೂ ಅಲ್ಲೇ. ಆದ್ರೆ ಇಷ್ಟು ನೀರು ಸುರಿದು ಕರೆಂಟ್ ಸುಟ್ಟು ಉಳಿಸ್ಕೊಳ್ಳೋದು ಸರೀನಾ ಅಂತ ನಂಗೇ ಒಳಗೊಳಗೆ ಕೊರೀತಾ ಇದೆ. ಕೆಮಿಕಲ್ ಇಲ್ದೆ, ಕಡಿಮೆ ನೀರಲ್ಲಿ ಇದನ್ನ ಉಳಿಸೋ ದಾರಿ ಇದ್ಯಾ? ಕಳೆಗೆ ಉಪ್ಪುನೀರು ಹಾಕಿ ಅಂತ ಎಲ್ಲೋ ಓದಿದೆ, ಹಾಕ್ಬಹುದಾ?

ಎರೆಹುಳು:

ಅಕ್ಕಾ, ಮೊದಲು ಉಪ್ಪಿನ ವಿಷಯ: ದಯವಿಟ್ಟು ಬೇಡ. ಉಪ್ಪು ಕಳೆ ಒಂದನ್ನೇ ಕೊಲ್ಲಲ್ಲ, ಮಣ್ಣಲ್ಲೇ ಕೂತ್ಕೊಂಡು ಆಮೇಲೆ ಅಲ್ಲಿ ಏನೂ ಹುಟ್ಟದೇ ಇರೋ ಹಾಗೆ ಮಾಡುತ್ತೆ. ಒಂದ್ ಸಲ ಹಾಕಿದ್ರೆ ತೆಗೆಯೋದು ಬಹಳ ಕಷ್ಟ.

ಇನ್ನು ಸಿಮೆಂಟ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪೋಸ್ಟಲ್ಲೇ ಕಾಯಿಲೆ ಕಾಣ್ತಿದೆ, "ನೆಲಕ್ಕೆ ಹತ್ತೋ ಹಾಗೆ" ಅಂದ್ರಲ್ಲ, ಅಲ್ಲಿಂದಾನೇ ಶುರು ಆಗಿರೋದು. ಹುಲ್ಲಿಗೆ ಊಟ ಸಿಗೋದು ಎಲೆಯಿಂದ. ಎಲೆ ಪೂರ್ತಿ ಬೋಳಿಸಿದ್ರೆ ಅದು ಬೇರಲ್ಲಿ ಇಟ್ಕೊಂಡಿದ್ದನ್ನ ಖರ್ಚು ಮಾಡಿ ಮತ್ತೆ ಎಲೆ ಬಿಡ್ಬೇಕು, ವಾರವಾರ ಹೀಗೇ ಆದ್ರೆ ಬೇರು ಗಿಡ್ಡ ಆಗ್ತಾ ಹೋಗುತ್ತೆ, ಬೇರು ಗಿಡ್ಡ ಆದ್ರೆ ಮೇಲಿನ ಎರಡು ಬೆರಳು ಮಣ್ಣಲ್ಲಿರೋ ನೀರಷ್ಟೇ ಅದಕ್ಕೆ ಎಟುಕೋದು, ಆ ಎರಡು ಬೆರಳು ಮಣ್ಣು ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುತ್ತೆ. ಮೇಲಾಗಿ ನೆಲ ಬಿಸಿಲಿಗೆ ತೆರೆದುಕೊಂಡ್ರೆ ಕಳೆ ಬೀಜಕ್ಕೆ ಹಬ್ಬ.

ನಿಯಮ ಒಂದೇ, ಯಾವತ್ತೂ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ನಿಮ್ದು ಗರಿಕೆ ಜಾತಿ ಸಣ್ಣ ಎಲೆ ಹುಲ್ಲಾದ್ರೆ 4-5 ಸೆಂಟಿಮೀಟರ್ ಇರ್ಲಿ, ಅಗಲ ಎಲೆದಾದ್ರೆ 7-8 ಸೆಂಟಿಮೀಟರ್. ನೋಡೋಕೆ ಕಾರ್ಪೆಟ್ ಥರ ಇರಲ್ಲ, ಆದ್ರೆ ಕಾಲಿಗೆ ಮೆತ್ತಗಿರುತ್ತೆ. ಕತ್ತರಿಸಿದ ಮೇಲೆ ಒಂದು ಎಲೆ ಕಿತ್ತು ತುದಿ ನೋಡಿ. ನೀಟಾಗಿ ಕಟ್ ಆಗಿದ್ರೆ ಬ್ಲೇಡ್ ಚೆನ್ನಾಗಿದೆ, ತುದಿ ದಾರ ದಾರವಾಗಿ ಸೀಳಿ ಬಿಳಿಚಿಕೊಂಡಿದ್ರೆ ಬ್ಲೇಡ್ ಮೊಂಡಾಗಿದೆ, ಸಾಣೆ ಹಿಡಿಸಿ. ಆ ಸೀಳಿದ ತುದಿ ಎರಡೇ ದಿನಕ್ಕೆ ಒಣಗಿ ಲಾನ್ ಪೂರ್ತಿ ಕಂದಾಗಿ ಕಾಣುತ್ತೆ, ನಾವು ನೀರು ಸಾಲ್ತಿಲ್ಲ ಅಂತ ಇನ್ನೂ ನೀರು ಬಿಡ್ತೀವಿ.

ಕತ್ತರಿಸಿದ ಹುಲ್ಲನ್ನ ಗುಡಿಸಿ ಬಿಸಾಕ್ತೀರಾ? ಬಿಸಾಕಬೇಡಿ. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ನೀರೇ ಇರೋದು, ಸಣ್ಣಗೆ ಉದುರಿದ್ರೆ ಕೆಲವೇ ದಿನದಲ್ಲಿ ಕರಗುತ್ತೆ, ವರ್ಷಕ್ಕೆ ಬೇಕಾಗೋ ಸಾರಜನಕದಲ್ಲಿ ಹತ್ರ ಹತ್ರ ಕಾಲು ಭಾಗ ಅದರಿಂದಲೇ ವಾಪಸ್ ಸಿಗುತ್ತೆ. ನೀವು ಅದನ್ನ ಮೂಟೆ ಕಟ್ಟಿ ಹೊರಗೆ ಕಳ್ಸಿ ಆಮೇಲೆ ಯೂರಿಯಾ ಮೂಟೆ ಒಳಗೆ ತರ್ತಿದ್ದೀರಿ.

ನೀರು ಹೇಗೆ ಹೋಗ್ತಿದೆ ಅಂತ ನಾವು ಹೇಳೋದಕ್ಕಿಂತ ನೀವೇ ಅಳೆದು ನೋಡೋದು ಒಳ್ಳೇದು. ಒಂದೇ ಅಳತೆಯ ನೆಟ್ಟಗಿರೋ ಆರು ಖಾಲಿ ಡಬ್ಬಿ ತಗೊಳ್ಳಿ, ಲಾನಲ್ಲಿ ಅಲ್ಲಲ್ಲಿ ಇಡಿ, ಯಾವಾಗ್ಲೂ ಬಿಡೋ ಹಾಗೇ ನೀರು ಬಿಡಿ, ಆಮೇಲೆ ಪ್ರತಿ ಡಬ್ಬೀಲೂ ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ನಿಂತಿದೆ ನೋಡಿ. ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ಅಂದ್ರೆ ಒಂದು ಲೀಟರ್, ಲೆಕ್ಕ ಸುಲಭ. ಬೇಸಿಗೇಲಿ ಮಳೆ ಇಲ್ದಾಗ ವಾರಕ್ಕೆ ಎಲ್ಲಾ ಸೇರಿ 25 ಮಿಲಿಮೀಟರ್ ಆದ್ರೆ ಸಾಮಾನ್ಯವಾಗಿ ಸಾಕು. ಆಮೇಲೆ ನೀರು ಬಿಟ್ಟು ಒಂದು ಗಂಟೆಗೆ ಉದ್ದದ ಸ್ಕ್ರೂಡ್ರೈವರ್ ಮಣ್ಣಿಗೆ ಚುಚ್ಚಿ. ಒಂದು ಗೇಣು ಸಲೀಸಾಗಿ ಇಳಿದ್ರೆ ಸರಿ, ಎರಡು ಬೆರಳಿಗೇ ನಿಂತ್ರೆ ಮಣ್ಣು ಗಟ್ಟಿ ಕಟ್ಟಿದೆ ಅಂತ ಅರ್ಥ. ಇವೆರಡು ಮಾಡಿ ಬಂದು ಹೇಳಿ.

ಮೀಟರ್_ಮಿಣುಕು:

ಎರೆಹುಳು ಅವರು ಹುಲ್ಲಿನ ಕಡೆ ಹೇಳಿದ್ದಾರೆ, ನಾನು ಕರೆಂಟ್ ಕಡೆ ಹೇಳ್ತೀನಿ ಮೇಡಂ. ಎರಡೂ ಬೇರೆ ಬೇರೆ ಸಮಸ್ಯೆ ಅನ್ಕೊಂಡಿದ್ದೀರಿ, ನನ್ನ ಪ್ರಕಾರ ಅರ್ಧಕ್ಕರ್ಧ ಒಂದೇ. ಮೋಟರಲ್ಲಿ ಎತ್ತಿದ ನೀರು ಅಂದ್ರೆ ಅದರಲ್ಲಿ ಕರೆಂಟ್ ಸೇರಿದೆ.

ನಿಮ್ಮ ಮೋಟರ್ ಒಂದು ಎಚ್‌ಪಿ ಅನ್ಕೊಳ್ಳಿ. ಒಂದು ಎಚ್‌ಪಿ ಅಂದ್ರೆ 746 ವ್ಯಾಟ್, ಆದ್ರೆ ಅದು ಮೋಟರ್ ಹೊರಗೆ ಕೊಡೋ ಶಕ್ತಿ, ಒಳಗೆ ಎಳೆಯೋದು ಒಂದು ಕಿಲೋವ್ಯಾಟ್ ಆಸುಪಾಸು. ದಿನಕ್ಕೆ 40 ನಿಮಿಷ ಅಂದ್ರೆ ತಿಂಗಳಿಗೆ 20 ಗಂಟೆ, ಅಂದ್ರೆ ಸುಮಾರು 20 ಯುನಿಟ್ ಬರೀ ಹುಲ್ಲಿಗೆ. ಕಡಿಮೆ ಏನಲ್ಲ, ಆದ್ರೆ ಇಷ್ಟಕ್ಕೇ ಬಿಲ್ ಅಷ್ಟೊಂದು ಏರಲ್ಲ, ಬೇರೆ ಎಲ್ಲೋ ಸೋರ್ತಿದೆ.

ಹುಡುಕೋಕೆ ಯಾವ ಸಾಮಾನೂ ತರ್ಬೇಕಾಗಿಲ್ಲ. ಮೀಟರ್ ಮೇಲೆ ಒಂದು ಸಣ್ಣ ಕೆಂಪು ಲೈಟ್ ಮಿನುಗ್ತಾ ಇರುತ್ತಲ್ಲ, ಅದರ ಪಕ್ಕ 1600, 3200 ಅಥವಾ 6400 ಅಂತ ಏನಾದ್ರೂ ಬರೆದಿರುತ್ತೆ. ಅಷ್ಟು ಸಲ ಮಿನುಗಿದ್ರೆ ಒಂದು ಯುನಿಟ್ ಅಂತ. ರಾತ್ರಿ ಮಲಗೋ ಮುಂಚೆ ಲೈಟ್ ಫ್ಯಾನ್ ಎಲ್ಲಾ ಆಫ್ ಮಾಡಿ, ಫ್ರಿಜ್ ಪ್ಲಗ್ ಸ್ವಲ್ಪ ಹೊತ್ತು ತೆಗೀರಿ, ಮೀಟರ್ ಮುಂದೆ ನಿಂತ್ಕೊಂಡು ಒಂದು ಮಿನುಗಿಂದ ಇನ್ನೊಂದು ಮಿನುಗಿಗೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಿ. 3200ರ ಮೀಟರ್ ಆದ್ರೆ 1125ನ್ನ ಆ ಸೆಕೆಂಡಿಂದ ಭಾಗ ಮಾಡಿ, ಬರೋದು ವ್ಯಾಟ್. ಎಲ್ಲಾ ಆಫ್ ಇದ್ದಾಗ್ಲೂ ಮಿನುಗ್ತಿದ್ರೆ ಅದು 24 ಗಂಟೆ ಹೋಗ್ತಿರೋ ಕರೆಂಟ್. ಬರೀ 10 ವ್ಯಾಟ್ ಅಂದ್ರೂ ವರ್ಷಕ್ಕೆ 87 ಯುನಿಟ್ ದಾಟುತ್ತೆ.

ಇನ್ನೊಂದು, ಇದನ್ನ ಖಂಡಿತ ನೋಡಿ: ನಿಮ್ಮ ಎಸಿ ಹೊರಗಿನ ಡಬ್ಬ ಲಾನ್ ಪಕ್ಕ ನೆಲದ ಮೇಲೆ ಇದ್ಯಾ? ಹುಲ್ಲು ಕತ್ತರಿಸೋ ಮಷೀನ್ ಆ ಕಡೆ ಉಗುಳಿದ್ರೆ ಹುಲ್ಲಿನ ಚೂರು, ಧೂಳು ಎಲ್ಲಾ ಅದರ ಹಿಂದಿರೋ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಹೋಗಿ ಕಂಬಳಿ ಥರ ಹೊದ್ಕೊಳ್ಳುತ್ತೆ. ಶಾಖ ಹೊರಗೆ ಹೋಗೋಕೆ ಜಾಗ ಇಲ್ದೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತೆ, ರೂಮಲ್ಲಿ ಅದೇ ತಂಪು, ಮೀಟರಲ್ಲಿ ಮಾತ್ರ ಜಾಸ್ತಿ. "ಎಸಿ ಮೊದಲಷ್ಟೇ ಹಾಕ್ತೀವಿ, ಆದ್ರೂ ಯುನಿಟ್ ಜಾಸ್ತಿ" ಅಂದ್ರಲ್ಲ, ನಂಗೆ ಅನುಮಾನ ಇದರ ಮೇಲೇನೇ.

ಬೇಲಿಹೂ:

ನಾನು ಒಂಚೂರು ಬೇರೆ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. 60 ಚದರ ಮೀಟರೂ ಹುಲ್ಲೇ ಯಾಕಿರ್ಬೇಕು? ಮಗು ಆಡೋ ಜಾಗ, ನೀವು ನಡೆಯೋ ಜಾಗ ಹುಲ್ಲಿರ್ಲಿ. ಗೋಡೆ ಪಕ್ಕ, ಮೂಲೆ, ಮರದ ಬುಡ ಇಲ್ಲೆಲ್ಲಾ ನಿಮ್ಮ ಕಡೆ ತಾನಾಗೇ ಬೆಳೆಯೋ ಗಿಡ, ಬಳ್ಳಿ, ಹೂ ಹಾಕಿ. ಒಂದ್ ಸಲ ಬೇರು ಬಿಟ್ರೆ ಅವಕ್ಕೆ ಹುಲ್ಲಿನಷ್ಟು ನೀರು ಬೇಡ, ಕತ್ತರಿಸೋ ಕೆಲ್ಸ ಇಲ್ಲ, ಜೇನು ಚಿಟ್ಟೆ ಬರುತ್ವೆ. ಬರೀ ಒಂದೇ ಜಾತಿ ಹುಲ್ಲಿರೋ ಕಡೆ ಜೇನಿಗೆ ಏನೂ ಸಿಗಲ್ಲ. ಹುಲ್ಲಿನ ಮಧ್ಯೆ ಕ್ಲೋವರ್ ಥರದ, ಹೆಸರು ಹುರುಳಿ ಜಾತಿಗೆ ಸೇರಿದ ಸಣ್ಣ ದ್ವಿದಳ ಧಾನ್ಯದ ಗಿಡ ಬಂದ್ರೆ ಕಳೆ ಅಂತ ಕೀಳಬೇಡಿ, ಅದರ ಬೇರಿನ ಗಂಟಲ್ಲಿರೋ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡುತ್ತೆ, ಎಲೆ ಬೇರು ಕೊಳೆತಾಗ ಅದು ಪಕ್ಕದ ಹುಲ್ಲಿಗೂ ಸಿಗುತ್ತೆ.

ಪ್ಲಾಸ್ಟಿಕ್ ಹುಲ್ಲು ಮಾತ್ರ ಖಂಡಿತ ಬೇಡ ಅಂತ ನಿಮ್ಮ ಮೈದುನಂಗೆ ಹೇಳಿ. ಕಡು ಬಿಸಿಲಲ್ಲಿ ಅದರ ಮೇಲ್ಮೈ 60 ಡಿಗ್ರಿ ದಾಟೋದು ಅಪರೂಪ ಏನಲ್ಲ, ಮಗು ಕಾಲಿಡೋಕಾಗಲ್ಲ, ತಣ್ಣಗೆ ಮಾಡೋಕೆ ಮತ್ತೆ ನೀರೇ ಸುರೀಬೇಕು. ಕೆಲವು ವರ್ಷಕ್ಕೆ ಸವೆದು ಎಳೆ ಎಳೆಯಾಗಿ ಉದುರಿ ಮಳೆನೀರಲ್ಲಿ ಕೊಚ್ಕೊಂಡು ಹೋಗುತ್ತೆ. ಜೀವ ಇರೋ ಹುಲ್ಲು ಹಾಗಲ್ಲ, ಎಲೆಯಿಂದ ನೀರು ಆವಿ ಆಗ್ತಾ ಸುತ್ತಲಿನ ಗಾಳಿಯಿಂದ ಶಾಖ ಎಳ್ಕೊಳ್ಳುತ್ತೆ. ಸಿಮೆಂಟ್ ಬ್ಲಾಕ್ ಕಥೆನೂ ಅಷ್ಟೇ, ಹಗಲೆಲ್ಲಾ ಕಾದು ರಾತ್ರಿ ಆ ಶಾಖ ಬಿಡ್ತಾ ಕೂರುತ್ತೆ, ಕಿಟಕಿ ತೆಗೆದು ಮಲಗೋಣ ಅಂದ್ರೆ ಬಿಸಿಗಾಳಿ. ಮೋಟರ್‌ದು ಉಳಿಸಿ ಎಸಿಗೆ ಹಾಕಿದ ಹಾಗಾಗುತ್ತೆ, ಮಳೆ ನೀರೂ ಇಂಗಲ್ಲ.

ಪಶ್ಚಿಮದ ಕಡೆ ಗೋಡೆಗೆ ಸಂಜೆ ಬಿಸಿಲು ಹೊಡೀತಿದ್ರೆ ಅಲ್ಲೊಂದು ಮರ ಹಾಕಿ ಅಕ್ಕಾ. ಒಳಗೆ ಎಷ್ಟು ಪರದೆ ಎಳೆದ್ರೂ ಗಾಜು ದಾಟಿ ಬಂದ ಬಿಸಿಲು ಬಂದ ಹಾಗೇ, ಹೊರಗೇ ತಡೀಬೇಕು. ಮರ ದೊಡ್ಡದಾಗೋವರೆಗೆ ಚಪ್ಪರಕ್ಕೆ ಬಳ್ಳಿ ಹಬ್ಬಿಸಿ, ಒಂದೇ ವರ್ಷದಲ್ಲಿ ನೆರಳು ಬರುತ್ತೆ.

ಅಂಗಳದಹುಲ್ಲು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟೊಂದು ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಹೇಳಿದ್ದೆಲ್ಲಾ ಮಾಡಿದೆ.

ಡಬ್ಬಿ ಇಟ್ಟೆ. ಪೈಪ್ ಹತ್ರದ ಡಬ್ಬೀಲಿ 40 ನಿಮಿಷಕ್ಕೆ 18 ಮಿಲಿಮೀಟರ್, ಗೇಟ್ ಹತ್ರದ್ರಲ್ಲಿ ಬರೀ 6. ಎಲ್ಲಾ ಸರಾಸರಿ ಮಾಡಿದ್ರೆ 12 ಬಂತು. 60 ಚದರ ಮೀಟರ್‌ಗೆ ದಿನಕ್ಕೆ 720 ಲೀಟರ್, ವಾರಕ್ಕೆ 5000 ಲೀಟರ್! ಎರೆಹುಳು ಅವ್ರ ಲೆಕ್ಕದ ಪ್ರಕಾರ ಬೇಕಿರೋದು 1500. ಕಾಗದದ ಮೇಲೆ ಬರೆದಾಗ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು, ಎರಡು ವರ್ಷದಿಂದ ದಿನಾ ಮಾಡ್ತಿದ್ದೀನಲ್ಲಾ.

ಸ್ಕ್ರೂಡ್ರೈವರ್ ಎರಡು ಬೆರಳೂ ಇಳೀಲಿಲ್ಲ, ಟಕ್ ಅಂತ ನಿಂತ್ಕೊಳ್ತು, ಕಲ್ಲಿಗೆ ಚುಚ್ಚಿದ ಹಾಗೆ. ನೀರು ಬಿಡುವಾಗ ಬಗ್ಗಿ ಗಮನ ಇಟ್ಟು ನೋಡಿದೆ, ಹತ್ತು ನಿಮಿಷ ಆದ್ಮೇಲೆ ನೀರು ಒಳಗೆ ಹೋಗ್ದೆ ತೆಳ್ಳಗೆ ಹರಿದು ದಾರಿ ಪಕ್ಕದ ಮೋರಿಗೆ ಸೇರ್ತಿತ್ತು. ಹುಲ್ಲಿನ ತುದಿ ಕೂಡ ನೀವು ಹೇಳಿದ ಹಾಗೇ ದಾರ ದಾರ.

ಮೀಟರ್ 3200ರದ್ದೇ. ಎಲ್ಲಾ ಆಫ್ ಮಾಡಿದ್ರೂ 15 ಸೆಕೆಂಡಿಗೊಂದ್ ಸಲ ಮಿನುಗ್ತಿದೆ, ಅಂದ್ರೆ 75 ವ್ಯಾಟ್, ಸರೀನಾ? ದಿನಕ್ಕೆ 1.8 ಯುನಿಟ್ ಸುಮ್ ಸುಮ್ನೆ. ಎಸಿ ಡಬ್ಬದ ಹಿಂದೆ ಟಾರ್ಚ್ ಹಾಕಿ ನೋಡಿದ್ರೆ ರೆಕ್ಕೆನೇ ಕಾಣ್ತಿಲ್ಲ, ಒಣಹುಲ್ಲು ಮಣ್ಣು ಸೇರಿ ಹೆಪ್ಪುಗಟ್ಟಿದೆ. ಇದನ್ನ ಹೇಗೆ ಕ್ಲೀನ್ ಮಾಡೋದು? ಮಣ್ಣಿಗೆ ಏನ್ ಮಾಡ್ಲಿ? ಯೂರಿಯಾ ಪೂರ್ತಿ ನಿಲ್ಲಿಸ್ಲಾ?

ಮೀಟರ್_ಮಿಣುಕು:

75 ವ್ಯಾಟ್ ಸರಿ ಇದೆ. ಈಗ ಒಂದೊಂದೇ ಪ್ಲಗ್ ತೆಗೀತಾ ಬನ್ನಿ, ಪ್ರತಿ ಸಲ ಮಿನುಗು ಎಣಿಸಿ, ಯಾವುದು ತೆಗೆದಾಗ ನಿಧಾನ ಆಗುತ್ತೋ ಅದೇ ಕಳ್ಳ. ಸೆಟ್‌ಟಾಪ್ ಬಾಕ್ಸ್ ಮೊದಲು ನೋಡಿ, ರಿಮೋಟಲ್ಲಿ ಆಫ್ ಮಾಡಿದ್ರೂ ಒಳಗೆ ಓಡ್ತಾನೇ ಇರುತ್ತೆ. ಹಳೇ ಬ್ಯಾಟರಿ ಇರೋ ಇನ್ವರ್ಟರ್ ಕೂಡ ಚಾರ್ಜ್ ನಿಲ್ಲದೆ ಯಾವಾಗ್ಲೂ ಎಳೀತಾನೇ ಇರುತ್ತೆ.

ಎಸಿಗೆ ಮೊದಲು ಮೇನ್ ಸ್ವಿಚ್ಚೇ ಆಫ್ ಮಾಡಿ, ರಿಮೋಟ್ ಅಲ್ಲ. ಮೆತ್ತನೆ ಬ್ರಷ್ಷಲ್ಲಿ ರೆಕ್ಕೆ ಇರೋ ದಿಕ್ಕಲ್ಲೇ ಮೇಲಿಂದ ಕೆಳಗೆ ಎಳೀರಿ, ಅಡ್ಡ ಉಜ್ಜಿದ್ರೆ ಬಗ್ಗೋಗ್ತವೆ. ಆಮೇಲೆ ನಿಧಾನಕ್ಕೆ ನೀರು ಬಿಡಿ, ಜೋರು ಪ್ರೆಷರ್ ಬೇಡ. ಇಷ್ಟು ಹೆಪ್ಪುಗಟ್ಟಿದ್ರೆ ಒಂದ್ ಸಲ ಮೆಕ್ಯಾನಿಕ್ ಕೈಲಿ ಬಿಚ್ಚಿಸಿ ಮಾಡ್ಸೋದೇ ವಾಸಿ. ಸುತ್ತ ಎರಡು ಅಡಿ ಗಿಡ ಬಳ್ಳಿ ಏನೂ ಬೇಡ, ಗಾಳಿ ಆಡ್ಬೇಕು. ಇನ್ಮೇಲೆ ಹುಲ್ಲು ಕತ್ತರಿಸುವಾಗ ಮಷೀನಿನ ಬಾಯಿ ಆ ಕಡೆ ತಿರುಗದೇ ಇರೋ ಹಾಗೆ ನೋಡ್ಕೊಳ್ಳಿ. ಎಸಿ ಒಂದೊಂದು ಡಿಗ್ರಿ ಮೇಲೆ ಇಟ್ರೂ ಅದರ ಖರ್ಚಲ್ಲಿ ಸುಮಾರು 6 ಪರ್ಸೆಂಟ್ ಇಳಿಯುತ್ತೆ, 26ಕ್ಕಿಟ್ಟು ಫ್ಯಾನ್ ಹಾಕಿ. ಹಳೇ ಫ್ಯಾನ್ 75 ವ್ಯಾಟ್ ಎಳೆಯುತ್ತೆ, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯೋ, ಬ್ರಷ್ ಇಲ್ಲದ ಮೋಟರಿಂದು) 30 ಆಸುಪಾಸು, ಹಳೇದು ಕೆಟ್ಟಾಗ ಬದಲಾಯಿಸಿ.

ಗೀಸರ್ ಬಗ್ಗೆ ಯಾರೂ ಹೇಳಿಲ್ಲ. ಒಂದು ಬಕೆಟ್ ಅಂದ್ರೆ 20 ಲೀಟರ್ ನೀರನ್ನ 20 ಡಿಗ್ರಿ ಬಿಸಿ ಮಾಡೋಕೆ ಹತ್ರ ಹತ್ರ ಅರ್ಧ ಯುನಿಟ್ ಬೇಕು. ಅಷ್ಟೇ ಕರೆಂಟಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ 50 ಗಂಟೆ ಉರಿಯುತ್ತೆ. ಮನೇಲಿ ಲೈಟ್ ಆರಿಸ್ಲಿಲ್ಲ ಅಂತ ಮಕ್ಕಳಿಗೆ ಬೈತೀವಿ, ಗೀಸರ್ ಎರಡು ಗಂಟೆ ಆನ್ ಇದ್ರೂ ಯಾರೂ ನೋಡಲ್ಲ.

ಎರೆಹುಳು:

ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಗೊತ್ತಾಯ್ತಲ್ಲ, ಇನ್ಮೇಲೆ ಸರಿ ಹೋಗುತ್ತೆ.

ನೀರು ವಾರಕ್ಕೆ ಎರಡೇ ಸಲ, ಬೆಳಿಗ್ಗೆ ಬಿಸಿಲೇರೋ ಮುಂಚೆ. ಸಂಜೆ ಬೇಡ, ರಾತ್ರಿಯೆಲ್ಲಾ ಎಲೆ ಒದ್ದೆಯಾಗಿದ್ರೆ ಬೂಷ್ಟು ರೋಗ ಬರುತ್ತೆ. ಒಂದೇ ಸಮ ಬಿಡ್ಬೇಡಿ, ಹತ್ತು ನಿಮಿಷ ಬಿಟ್ಟು ಅರ್ಧ ಗಂಟೆ ನಿಲ್ಲಿಸಿ, ಅದು ಇಂಗ್ಲಿ, ಮತ್ತೆ ಹತ್ತು ನಿಮಿಷ, ಹೀಗೇ ಒಟ್ಟು 40 ನಿಮಿಷ ಆಗೋವರೆಗೆ. ಯಾವಾಗ ಬಿಡ್ಬೇಕು ಅಂತ ಹುಲ್ಲೇ ಹೇಳುತ್ತೆ: ಅದರ ಮೇಲೆ ನಡೆದು ಹಿಂತಿರುಗಿ ನೋಡಿ, ತುಳಿದ ಹುಲ್ಲು ಎದ್ದು ನಿಂತ್ರೆ ನೀರು ಬೇಡ, ಹೆಜ್ಜೆ ಗುರುತು ಹಾಗೇ ಉಳಿದ್ರೆ ಬಾಯಾರಿದೆ ಅಂತ. ನೀವು ದಿನಾ ಬೆಳಿಗ್ಗೆ ನಡೀತೀರಲ್ಲ, ಅಷ್ಟು ಸಾಕು.

ಮಣ್ಣಿಗೆ ಗಾರ್ಡನ್ ಫೋರ್ಕ್ ತಗೊಂಡು, ನೆಲ ಸ್ವಲ್ಪ ಹಸಿ ಇರುವಾಗ ಗೇಣಿಗೊಂದು ಕಡೆ ಆಳಕ್ಕೆ ಚುಚ್ಚಿ ಹಿಂದೆ ಮುಂದೆ ಒಂಚೂರು ಅಲ್ಲಾಡಿಸಿ. ಒಂದೇ ದಿನ ಎಲ್ಲಾ ಮಾಡ್ಬೇಡಿ, ಸೊಂಟ ಹೋಗುತ್ತೆ, ದಿನಕ್ಕೆ ಹತ್ತು ಚದರ ಮೀಟರ್. ಆಮೇಲೆ ಜರಡಿ ಹಿಡಿದ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಅರ್ಧ ಬೆರಳಿಗಿಂತ ತೆಳ್ಳಗೆ, 6 ಮಿಲಿಮೀಟರ್‌ನಷ್ಟು ಹರಡಿ, ಪೊರಕೇಲಿ ಗುಡಿಸಿ ತೂತಿಗೆ ಇಳಿಸಿ. ನಿಮ್ಮ ಲಾನ್‌ಗೆ 360 ಲೀಟರ್, ಅಂದ್ರೆ 20 ಲೀಟರ್ ಬಕೆಟ್ಟಲ್ಲಿ 18 ಬೇಕಾಗುತ್ತೆ. ಹುಲ್ಲಿನ ತುದಿ ಹೊರಗೆ ಕಾಣ್ತಿರ್ಬೇಕು, ಮುಚ್ಚಿ ಹಾಕ್ಬೇಡಿ. ಆ ತೂತಿನ ದಾರೀಲಿ ಗಾಳಿ, ನೀರು, ಬೇರು ಮೂರೂ ಇಳಿಯುತ್ತೆ, ಎರೆಹುಳು ಬಂದ್ರೆ ಮುಂದಿನ ಕೆಲ್ಸ ಅವೇ ಮಾಡ್ತವೆ.

ಯೂರಿಯಾ ನಿಲ್ಲಿಸಿ. ಅದರಲ್ಲಿ 46 ಪರ್ಸೆಂಟ್ ಸಾರಜನಕ, ಒಮ್ಮೆಲೇ ಎಲೆ ಚಿಮ್ಮುತ್ತೆ, ಎಲೆ ಚಿಮ್ಮಿದ್ರೆ ಜಾಸ್ತಿ ನೀರು ಬೇಕು, ಜಾಸ್ತಿ ಸಲ ಕತ್ತರಿಸ್ಬೇಕು, ಬೇರು ಮಾತ್ರ ಅಲ್ಲೇ. ನೀವು ಹರಿಸಿದ ನೀರಿನ ಜೊತೆ ಒಂದಷ್ಟು ಯೂರಿಯಾನೂ ಮೋರಿಗೇ ಹೋಗಿರುತ್ತೆ. ಯೂರಿಯಾ ಮಾಡೋದು ಅಮೋನಿಯಾದಿಂದ. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡೋ ಕಾರ್ಖಾನೆ ಮೊದಲು ಶುರು ಆಗಿದ್ದು 1913ರಲ್ಲಿ ಜರ್ಮನಿಯ ಒಪ್ಪಾವಲ್ಲಿ, ಇವತ್ತಿಗೂ ಅದಕ್ಕೆ ಬೇಕಾದ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲದಿಂದಲೇ ತೆಗೀತಾರೆ, ಜೊತೆಗೆ ವಿಪರೀತ ಒತ್ತಡ, ಶಾಖ ಬೇಕು. ಜಗತ್ತಿಗೆ ಅನ್ನ ಬೆಳೆಯೋಕೆ ಅದು ಬೇಕು, ನಾನು ಬೇಡ ಅನ್ನಲ್ಲ, ಆದ್ರೆ ಅಂಗಳದ ಹುಲ್ಲಿಗೆ ಯಾಕೆ?

ಹೊಸಬ_ಇಲ್ಲಿ:

ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನಮ್ದೂ ಇದೇ ಅಳತೆ ಲಾನ್, ಕತ್ತರಿಸೋಕೆ ಪೆಟ್ರೋಲ್ ಮಷೀನ್ ಬಾಡಿಗೆಗೆ ತರ್ತೀವಿ, ಹೊಗೆ ಸದ್ದು ತಡೆಯೋಕಾಗಲ್ಲ. ಬೇರೆ ಏನಿದೆ?

ಬೇಲಿಹೂ:

60 ಚದರ ಮೀಟರ್‌ಗೆ ಪೆಟ್ರೋಲ್ ಬೇಕೇ ಇಲ್ಲ. ಕೈಯಲ್ಲಿ ತಳ್ಳೋ ಸಿಲಿಂಡರ್ ಮಷೀನ್ (ಉರುಳೆ ಥರ ಸುತ್ತೋ ಬ್ಲೇಡ್ ಇರೋದು) ಸಿಗುತ್ತೆ, ಕತ್ತರಿ ಥರ ಕತ್ತರಿಸೋದ್ರಿಂದ ತುದಿ ನೀಟಾಗಿರುತ್ತೆ, ಸದ್ದು ಅಂದ್ರೆ ಬರೀ ಕಿರ್‌ಕಿರ್. ಹುಲ್ಲು ತುಂಬಾ ಉದ್ದ ಬಿಟ್ರೆ ಮಾತ್ರ ಸಿಕ್ಕಿಹಾಕ್ಕೊಳ್ಳುತ್ತೆ, ವಾರ ತಪ್ಪಿಸ್ಬೇಡಿ. ಮೊಣಕಾಲು ಸೊಂಟ ನೋವಿದ್ರೆ ವೈರಿಂದು ಇಲ್ಲಾ ಬ್ಯಾಟರಿದು ತಗೊಳ್ಳಿ. ಟೂ-ಸ್ಟ್ರೋಕ್ ಎಂಜಿನ್ ಅಂತೂ ಹಾಕಿದ ಪೆಟ್ರೋಲಲ್ಲಿ ಕಾಲು ಭಾಗದಷ್ಟು ಉರಿಯದೇನೇ ಹೊರಗೆ ಬಿಡುತ್ತೆ, ಅದನ್ನ ನಿಮ್ಮ ಮೂಗಿನ ಕೆಳಗೇ ಬಿಡೋದು.

ಅಂಗಳದಹುಲ್ಲು:

ಏಳು ವಾರ ಆಯ್ತು, ಹೇಳೋಣ ಅಂತ ಬಂದೆ.

ಇನ್ವರ್ಟರ್ ಬ್ಯಾಟರಿನೇ ಮುಖ್ಯ ಕಳ್ಳ, ಸತ್ತೇ ಹೋಗಿತ್ತು, ಬದಲಾಯಿಸಿದ್ವಿ. ಸೆಟ್‌ಟಾಪ್ ಬಾಕ್ಸ್ ಈಗ ಗೋಡೆ ಸ್ವಿಚ್ಚಲ್ಲೇ ಆಫ್. ರಾತ್ರಿ ಮಿನುಗು 15 ಸೆಕೆಂಡಿಂದ 40 ಸೆಕೆಂಡಿಗೆ ಬಂದಿದೆ. ಎಸಿ ಮೆಕ್ಯಾನಿಕ್ ಬಿಚ್ಚಿ ತೊಳೆದ್ರು, ಒಂದು ಪೇಪರ್ ತುಂಬಾ ಒಣಹುಲ್ಲು ತೆಗೆದು ತೋರ್ಸಿದ್ರು, ಈಗ ರೂಮ್ ಬೇಗ ತಣ್ಣಗಾಗುತ್ತೆ.

ಹುಲ್ಲು ಮೊದಲ ಮೂರು ವಾರ ಇನ್ನೂ ಕೆಟ್ಟದಾಗಿ ಕಾಣ್ತು, ಯಜಮಾನ್ರು ದಿನಾ ನೋಡಿ ಸುಮ್ನಾಗೋರು, ನಂಗೂ ಧೈರ್ಯ ಹೋಗಿತ್ತು. ಕಂದಾಗಿರೋದನ್ನ ಹಿಡಿದು ಎಳೆದೆ, ಕಿತ್ತು ಬರ್ಲಿಲ್ಲ, ಬುಡ ಗಟ್ಟಿಯಾಗಿತ್ತು, ಸತ್ತಿಲ್ಲ ಅನ್ನೋ ನಂಬಿಕೆ ಮೇಲೆ ಬಿಟ್ಟೆ. ನಾಲ್ಕನೇ ವಾರ ಫೋರ್ಕಲ್ಲಿ ಚುಚ್ಚಿದ ತೂತುಗಳ ಸುತ್ತ ಮೊದಲು ಹಸಿರು ಬಂತು, ಸಾಲು ಸಾಲಾಗಿ ಚುಕ್ಕಿ ಇಟ್ಟ ಹಾಗೆ. ನೀರು ವಾರಕ್ಕೆ ಎರಡೇ ಸಲ. ಮೊನ್ನೆ ಸ್ಕ್ರೂಡ್ರೈವರ್ ಅರ್ಧ ಗೇಣು ಇಳೀತು.

ಸಿಮೆಂಟ್ ಮಾತು ಮನೇಲಿ ನಿಂತಿದೆ. ಮರದ ಕೆಳಗಿನ ತುಂಡು ಮಾತ್ರ ಇನ್ನೂ ಬೋಳೇ, ಏನ್ ಮಾಡಿದ್ರೂ ಬರ್ತಿಲ್ಲ.

ಎರೆಹುಳು:

ಓದಿ ತುಂಬಾ ಖುಷಿ ಆಯ್ತು ಅಕ್ಕಾ. ಮರದ ಕೆಳಗೆ ಬಿಸಿಲೂ ಇಲ್ಲ, ಇರೋ ನೀರನ್ನ ಮರ ಕುಡಿಯುತ್ತೆ, ಗರಿಕೆ ಅಲ್ಲಿ ಬರಲ್ಲ, ಬಲವಂತ ಬೇಡ. ಬಿದ್ದ ಎಲೆ ಗುಡಿಸದೆ ಅಲ್ಲೇ ಬಿಡಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಜಾಗ ಬಿಟ್ಟು ಹರಡಿ. ಮಳೆಗಾಲ ಕಳೀಲಿ, ಆ ಎಲೆ ಎತ್ತಿ ಕೆಳಗಿನ ಮಣ್ಣು ಮುಟ್ಟಿ ನೋಡಿ ಫೋಟೋ ಹಾಕಿ.